ಹಿಮಕ್ಕೊಂದು ಮುಹೂರ್ತ

ಬೀಳುವ ಹಿಮವನ್ನು ತಡೆದು ನಿಲ್ಲಿಸುವುದು ಕಷ್ಟ. ಆದರೆ ಅದು ಯಾವ ಗಳಿಗೆಗೆ ಬೀಳಬೇಕು ಎಂದು ಮನುಷ್ಯನೇ ನಿಶ್ಚಯಿಸಬಹುದೇ? ಫಿರಂಗಿ, ಗ್ಯಾಸಿನ ಕೊಳವೆ, ಹೆಲಿಕಾಪ್ಟರು ಹಿಡಿದು ಮುಕ್ಕಾಲು ಶತಮಾನದಿಂದ ನಡೆದಿರುವ ಒಂದು ವಿಚಿತ್ರ ಕಸುಬಿನ ಕಥೆ.

ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಸಕಲೇಶಪುರದಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವುದನ್ನು ನೋಡಿದ್ದೇವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರೋಜರ್ಸ್ ಪಾಸ್ ಎಂಬ ಘಾಟಿಯಲ್ಲೂ ಚಳಿಗಾಲದ ಕೆಲವು ದಿನ ಇದೇ ನೋಟ. ಹೆದ್ದಾರಿಗೆ ಗೇಟು ಬೀಳುತ್ತದೆ. ಪೂರ್ವಕ್ಕೆ ಗೋಲ್ಡನ್, ಪಶ್ಚಿಮಕ್ಕೆ ರೆವೆಲ್‌ಸ್ಟೋಕ್ ಊರುಗಳಲ್ಲಿ ವಾಹನಗಳು ನಿಂತುಬಿಡುತ್ತವೆ. ಕೆನಡಾದ ಲಾರಿ ಉದ್ಯಮದಲ್ಲಿ ಪಂಜಾಬಿನಿಂದ ಹೋದವರು ಬಹಳ. ಅವರೂ ಕಾಫಿ ಲೋಟ ಹಿಡಿದು ಫೋನು ತೀಡುತ್ತ ಕಾಯುತ್ತಾರೆ.

ಖಾಲಿಯಾದ ಆ ರಸ್ತೆಗೆ ಈಗ ಬರುವುದು ಸೈನ್ಯ. ಕೆನಡಾ ಸೇನೆಯ ಫಿರಂಗಿ ದಳದವರು 105 ಮಿಲಿಮೀಟರಿನ ಹೊವಿಟ್ಜರ್ ಒಂದನ್ನು ಎಳೆದು ತಂದು ರಸ್ತೆಬದಿಯಲ್ಲಿ ಅದಕ್ಕೆಂದೇ ಮಾಡಿಟ್ಟ ಕಟ್ಟೆಯ ಮೇಲೆ ನಿಲ್ಲಿಸುತ್ತಾರೆ. ಮೂತಿ ಬೆಟ್ಟದತ್ತ ಏಳುತ್ತದೆ. ಹಲವು ಸಲ ಬೆಟ್ಟ ಕಾಣುವುದೂ ಇಲ್ಲ, ಹಿಮ ಸುರಿಯುತ್ತಲೇ ಇರುತ್ತದೆ, ಎದುರಿಗೆ ಬರಿ ಬೂದು ಪರದೆ. ಅದರಿಂದೇನೂ ತೊಂದರೆಯಿಲ್ಲ. ಯಾವ ಕಟ್ಟೆಯಿಂದ ಯಾವ ಇಳಿಜಾರಿಗೆ ಎಷ್ಟು ಕೋನ, ಎಷ್ಟು ಎತ್ತರ ಎಂಬುದು ಮೊದಲೇ ಲೆಕ್ಕ ಹಾಕಿ ಬರೆದಿಟ್ಟದ್ದು. ರಾಷ್ಟ್ರೀಯ ಉದ್ಯಾನದ ಹಿಮತಜ್ಞ ಗುರಿಯ ಹೆಸರು ಹೇಳುತ್ತಾನೆ, ಗುಂಡು ಹಾರುತ್ತದೆ. ಕೆಲವು ಸೆಕೆಂಡು ನಿಶ್ಶಬ್ದ. ಮೇಲೆಲ್ಲೋ ಢಂ ಎಂದ ಸದ್ದು. ಆಮೇಲೆ ಎಲ್ಲರೂ ಕಿವಿಗೊಡುವುದು ಎರಡನೆಯ ಸದ್ದಿಗೆ: ದೂರದಿಂದ ರೈಲು ಬರುವಂತಹ ಒಂದು ಮೊರೆತ. ಅದು ಕೇಳಿಸಿದರೆ ಕೆಲಸ ಆಯಿತು ಎಂದರ್ಥ. ಬೆಟ್ಟದ ಮೇಲೆ ಕೂತಿದ್ದ ಹಿಮ ಕಳಚಿಕೊಂಡು ಕೆಳಗಿಳಿಯುತ್ತಿದೆ, ಕೆಳಗೆ ಯಾರೂ ಇಲ್ಲದ ಹೊತ್ತಿನಲ್ಲಿ.

ಶತ್ರುವಿಲ್ಲದ ಈ ಯುದ್ಧ 1960ರ ದಶಕದ ಆರಂಭದಿಂದ ಪ್ರತಿ ಚಳಿಗಾಲ ನಡೆದುಬಂದಿದೆ. ಹೆದ್ದಾರಿಯ ಸುಮಾರು 40 ಕಿಲೋಮೀಟರಿಗೆ 130ಕ್ಕೂ ಹೆಚ್ಚು ಹಿಮಕುಸಿತದ ಜಾಡುಗಳು ಬಂದು ಸೇರುವ ಜಾಗ ಅದು. ತಡೆಗೋಡೆ ಕಟ್ಟಿ ಮುಗಿಸುವ ಮಾತಲ್ಲ. ಹಾಗಾಗಿ ಆ ಜನ ಬೇರೆಯದೇ ದಾರಿ ಹಿಡಿದರು. ಹಿಮ ಬೀಳುವುದು ತಪ್ಪದು ಎಂದಾದರೆ ಬೀಳುವ ಮುಹೂರ್ತವನ್ನಾದರೂ ನಾವಿಡೋಣ ಎಂದರು.

1910ರ ಆ ಒಂದು ವಾರ

ಈ ಬುದ್ಧಿ ಪುಕ್ಕಟೆ ಬಂದದ್ದಲ್ಲ. 1910ರ ಫೆಬ್ರುವರಿ ಕೊನೆಗೆ ಉತ್ತರ ಅಮೆರಿಕದ ಪಶ್ಚಿಮದ ಬೆಟ್ಟಗಳ ಮೇಲೆ ದಿನಗಟ್ಟಲೆ ಹಿಮ ಸುರಿಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆಲಿಂಗ್ಟನ್ ಎಂಬ ಪುಟ್ಟ ನಿಲ್ದಾಣದಲ್ಲಿ ಎರಡು ರೈಲುಗಳು ಹಿಮದಲ್ಲಿ ಸಿಕ್ಕಿ ನಿಂತಿದ್ದವು. ಮಾರ್ಚ್ 1ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಮೇಲಿನ ಇಳಿಜಾರು ಕಳಚಿತು. ಮಲಗಿದ್ದ ಪ್ರಯಾಣಿಕರ ಸಮೇತ ಬೋಗಿಗಳು ಕೆಳಗಿನ ಕಮರಿಗೆ ಉರುಳಿದವು. ಸತ್ತವರು 96 ಮಂದಿ. ಅಮೆರಿಕದ ಚರಿತ್ರೆಯಲ್ಲಿ ಅದಕ್ಕಿಂತ ಭೀಕರ ಹಿಮಕುಸಿತ ಇನ್ನೊಂದಿಲ್ಲ.

ಮೂರೇ ದಿನ ಕಳೆದು, ಮಾರ್ಚ್ 4ರ ರಾತ್ರಿ, ರೋಜರ್ಸ್ ಪಾಸ್‌ನ ಸರದಿ. ಹಳಿಯ ಒಂದು ಪಕ್ಕದ ಬೆಟ್ಟದಿಂದ ಬಿದ್ದಿದ್ದ ಹಿಮವನ್ನು ಕೂಲಿಗಳು ಸಲಿಕೆ ಹಿಡಿದು ತೆಗೆಯುತ್ತಿದ್ದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಜಪಾನಿನಿಂದ ಬಂದವರು. ಬಿದ್ದ ಹಿಮದ ನಡುವೆ ಓಣಿಯಂತೆ ತೋಡಿಕೊಂಡು ಒಳಗೆ ನಿಂತಿದ್ದಾಗ ಹಿಮ ಬಂದದ್ದು ಎದುರು ಪಕ್ಕದ ಬೆಟ್ಟದಿಂದ. 58 ಜನ ತೀರಿಕೊಂಡರು. ಇಂಜಿನ್ನಿನ ಫೈರ್‌ಮನ್ ಒಬ್ಬನನ್ನು ಹಿಮದ ಮುಂದೆ ನುಗ್ಗಿದ ಗಾಳಿಯೇ ಎತ್ತಿ ದೂರ ಎಸೆದದ್ದರಿಂದ ಅವನು ಬದುಕಿದ. ಎದುರಿನ ಬೆಟ್ಟದ ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಆಗ ರೈಲ್ವೆಯವರಿಗೆ ತೋಚಿದ್ದು ಒಂದೇ ಉಪಾಯ, ಬೆಟ್ಟದ ಹೊಟ್ಟೆ ಹೊಕ್ಕುಬಿಡುವುದು. ಸುಮಾರು 8 ಕಿಲೋಮೀಟರು ಉದ್ದದ ಕನಾಟ್ ಸುರಂಗ 1916ರಲ್ಲಿ ತೆರೆಯಿತು, ರೈಲು ಘಾಟಿಯ ತಲೆ ಹತ್ತುವುದನ್ನು ಬಿಟ್ಟಿತು. ಆದರೆ 1962ರಲ್ಲಿ ಟ್ರಾನ್ಸ್-ಕೆನಡಾ ಹೆದ್ದಾರಿ ಬಂತು ನೋಡಿ, ಅದು ಮತ್ತದೇ ಘಾಟಿಯ ತಲೆಯ ಮೇಲೆಯೇ ಹಾದುಹೋಯಿತು. ಫಿರಂಗಿ ಬಂದದ್ದು ಆಗ.

ಸಾಸಿವೆಯ ಮೇಲೆ ಕಡಪ ಕಲ್ಲು

ಕನ್ನಡದ ಪತ್ರಿಕೆಗಳಲ್ಲಿ ಹಿಮ ಸುರಿದರೂ ಹಿಮಪಾತ, ಜಾರಿ ಬಿದ್ದರೂ ಹಿಮಪಾತ. ನಮ್ಮ ನೆಲದಲ್ಲಿ ಹಿಮವೇ ಇಲ್ಲದ ಮೇಲೆ ಎರಡು ಮಾತು ಯಾಕೆ ಬೇಕಿತ್ತು? ಇಲ್ಲಿ ಮಾತ್ರ ಜಾರಿ ಬೀಳುವುದನ್ನು ಹಿಮಕುಸಿತ ಎಂದೇ ಕರೆಯೋಣ, ಏಕೆಂದರೆ ಸುರಿಯುವುದಕ್ಕೂ ಕುಸಿಯುವುದಕ್ಕೂ ನಡುವಿನ ಗಂಟೆಗಳಲ್ಲೇ ಈ ಕಸುಬು ಇರುವುದು.

ಬೆಟ್ಟದ ಮೇಲಿನ ಹಿಮ ಒಂದೇ ರಾಶಿಯಲ್ಲ. ಪ್ರತಿ ಸಲ ಸುರಿದಾಗಲೂ ಒಂದು ಪದರ ಕೂರುತ್ತದೆ, ಒಂದೊಂದು ಪದರದ ಗುಣ ಒಂದೊಂದು. ಗಾಳಿ ಹೊಡೆದು ಗಟ್ಟಿಯಾದದ್ದು ಒಂದು, ಬಿಸಿಲಿಗೆ ಕರಗಿ ರಾತ್ರಿ ಗಾಜಾದದ್ದು ಇನ್ನೊಂದು. ಇವುಗಳ ನಡುವೆ ಕೆಲವೊಮ್ಮೆ ಒಂದು ಕಳ್ಳ ಪದರ ಸೇರಿಕೊಳ್ಳುತ್ತದೆ. ತಿಳಿಯಾದ ಚಳಿ ರಾತ್ರಿಯಲ್ಲಿ ಹಿಮದ ಮೈಮೇಲೆ ಗರಿಯಂತಹ ಮಂಜಿನ ಹರಳುಗಳು ಬೆಳೆದು, ಮರುದಿನ ಅವುಗಳ ಮೇಲೆ ಹೊಸ ಹಿಮ ಬಿದ್ದರೆ ಆ ಗರಿಗಳು ಒಳಗೇ ಉಳಿದವು. ಇಲ್ಲವೇ, ನೆಲದ ಹತ್ತಿರ ಶೂನ್ಯ ಡಿಗ್ರಿ ಇದ್ದು ಮೇಲ್ಮೈ ತೀರಾ ತಣ್ಣಗಾದಾಗ ಒಳಗಿನ ಆವಿ ಮೇಲೇರುತ್ತ ಹೋಗಿ ಹಿಮದ ಕಣಗಳನ್ನು ಸಕ್ಕರೆ ಹರಳಿನಂತೆ ಮಾಡಿಬಿಡುತ್ತದೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿನಿಂದ ಉದುರುತ್ತದೆ. ಒಂದು ಕಣಕ್ಕೆ ಇನ್ನೊಂದರ ಹಿಡಿತವಿಲ್ಲ.

ಮಣೆಯೊಂದನ್ನು ಓರೆಯಾಗಿ ಇಟ್ಟು, ಅದರ ಮೇಲೆ ಸಾಸಿವೆ ಹರಡಿ, ಮೇಲೊಂದು ಕಡಪ ಕಲ್ಲು ಇಟ್ಟರೆ ಹೇಗಿರುತ್ತದೆಯೋ ಹಾಗೆ. ಕಲ್ಲು ಕೂತಿರುತ್ತದೆ, ಸುಭದ್ರವಾಗಿಯೇ ಕಾಣುತ್ತದೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಅಪಾಯ ಹೆಚ್ಚು. ಅದಕ್ಕಿಂತ ಕಡಿಮೆಯಾದರೆ ಜಾರುವುದು ಅಪರೂಪ, ತೀರಾ ಕಡಿದಾದರೆ ಹಿಮ ನಿಲ್ಲುವುದೇ ಇಲ್ಲ, ಬಿದ್ದಹಾಗೆಲ್ಲ ಉದುರಿಹೋಗುತ್ತದೆ. ನಡುವಿನ ಇಳಿಜಾರಲ್ಲಿ ಕೂತ ಹಿಮಕ್ಕೆ ಬೇಕಾದದ್ದು ಒಂದು ತಟ್ಟು. ಕಳ್ಳ ಪದರ ಒಂದು ಕಡೆ ಮುರಿದರೆ ಸಾಕು, ಬಿರುಕು ಸೆಕೆಂಡಿಗೆ ಹತ್ತಾರು ಮೀಟರು ವೇಗದಲ್ಲಿ ಅಡ್ಡಡ್ಡ ಓಡುತ್ತದೆ. ಮೇಲಿನ ಇಡೀ ಚಪ್ಪಡಿ ತಳವಿಲ್ಲದೆ ನಿಂತಂತಾಗಿ ಒಮ್ಮೆಗೇ ಜಾರುತ್ತದೆ. ಹೊರಟಾಗ ಹಗುರ ಪುಡಿ ಎನಿಸಿದ್ದು ನಿಂತ ಮೇಲೆ ಕಾಂಕ್ರೀಟಿನಂತೆ ಬಿಗಿಯುತ್ತದೆ, ಒಳಗೆ ಸಿಕ್ಕವನಿಗೆ ಬೆರಳು ಅಲ್ಲಾಡಿಸಲಾಗದು. ಹೂತುಹೋದವರಲ್ಲಿ ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಅರ್ಧ ಗಂಟೆಯಾದರೆ ಮೂವರಲ್ಲಿ ಒಬ್ಬ ಉಳಿದರೆ ದೊಡ್ಡದು.

ಆ ತಟ್ಟು ಯಾವುದು? ಸಿನಿಮಾದಲ್ಲಿ ನಾಯಕ ಕೂಗಿದರೆ ಬೆಟ್ಟ ಕಳಚುತ್ತದೆ. ನಿಜದಲ್ಲಿ ಮನುಷ್ಯನ ದನಿಯ ಒತ್ತಡಕ್ಕೆ ಹಿಮ ಜಗ್ಗುವುದಿಲ್ಲ. ಜಗ್ಗುವುದು ಭಾರಕ್ಕೆ: ಹೊಸದಾಗಿ ಸುರಿದ ಹಿಮದ ಭಾರ, ಗಾಳಿ ತಂದು ಗುಡ್ಡೆ ಹಾಕಿದ ಹಿಮದ ಭಾರ, ಅಥವಾ ಮೇಲೆ ಜಾರಿ ಹೋದ ಒಬ್ಬನೇ ಸ್ಕೀಯರನ ಭಾರ. ಆಟಕ್ಕೆಂದು ಬೆಟ್ಟಕ್ಕೆ ಹೋಗಿ ಹಿಮಕುಸಿತದಲ್ಲಿ ಸತ್ತವರ ಪೈಕಿ ಬಹುಪಾಲು ಜನರಿಗೆ ಆ ಹಿಮ ಜಾರಿಸಿದ್ದು ಅವರೇ ಅಥವಾ ಅವರ ಜೊತೆಗಾರರೇ. ಹಾಗಿದ್ದ ಮೇಲೆ ಮನುಷ್ಯ ಕಾಲಿಡುವ ಮೊದಲು ಅವನಿಗಿಂತ ಜೋರಾಗಿ ತಟ್ಟುವ ಏನನ್ನಾದರೂ ಕಳಿಸಿದರೆ?

ಬರಹಗಾರನ ಕೈಗೆ ಫಿರಂಗಿ

ಬೆಟ್ಟದ ಹಿಮಕ್ಕೂ ಫಿರಂಗಿಗೂ ನಂಟು ಬೆಳೆದದ್ದು ಯುದ್ಧದಲ್ಲಿ. ಮೊದಲ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾ-ಹಂಗೆರಿ ಸೈನ್ಯಗಳು ಆಲ್ಪ್ಸ್ ಶಿಖರಗಳಲ್ಲಿ ಎದುರುಬದುರು ಕೂತಿದ್ದವು. 1916ರ ಡಿಸೆಂಬರ್ 13ರಂದು ಮಾರ್ಮೊಲಾಡಾ ಬೆಟ್ಟದ ಹಿಮ ಕಳಚಿ ಆಸ್ಟ್ರಿಯಾದ ಒಂದು ಶಿಬಿರದ ಮೇಲೆ ಬಿದ್ದು ಇನ್ನೂರೈವತ್ತಕ್ಕೂ ಹೆಚ್ಚು ಸೈನಿಕರು ಮಡಿದರು. ಎರಡೂ ಕಡೆಯವರು ಎದುರಾಳಿಯ ತಲೆಯ ಮೇಲಿನ ಹಿಮಕ್ಕೆ ಬೇಕೆಂದೇ ಗುಂಡು ಹೊಡೆದರು ಎಂಬ ಕಥೆಗಳು ಆ ಯುದ್ಧದ ಸುತ್ತ ಇಂದಿಗೂ ಸುಳಿಯುತ್ತವೆ.

ಅದೇ ಫಿರಂಗಿಯನ್ನು ಜೀವ ಉಳಿಸಲು ತಿರುಗಿಸಿದವರಲ್ಲಿ ಮುಖ್ಯವಾದ ಹೆಸರು ಮಾಂಟ್ಗೊಮರಿ ಆಟ್‌ವಾಟರ್. ಕಥೆಗಳನ್ನು ಬರೆಯುತ್ತಿದ್ದ ಮನುಷ್ಯ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬೆಟ್ಟದ ಪಡೆಯಲ್ಲಿದ್ದವನು. ಯುದ್ಧ ಮುಗಿದ ಮೇಲೆ ಯೂಟಾ ರಾಜ್ಯದ ಆಲ್ಟಾ ಎಂಬಲ್ಲಿ ಅರಣ್ಯ ಇಲಾಖೆಯ ಹಿಮಪಾಲಕನಾಗಿ ಸೇರಿದ. ಆಲ್ಟಾ ಹಿಂದೆ ಬೆಳ್ಳಿ ಗಣಿಯ ಊರು, ಹಿಮಕುಸಿತಕ್ಕೆ ಹತ್ತಾರು ಗಣಿಗಾರರನ್ನು ಕೊಟ್ಟ ಊರು. ಸ್ಕೀ ಆಡಲು ಜನ ಬರತೊಡಗಿದ ಮೇಲೆ ಅದೇ ಇಳಿಜಾರುಗಳ ಕೆಳಗೆ ಮತ್ತೆ ಜನ ಕಲೆತರು.

ಮೊದಲ ವಿದ್ಯೆ ತೀರಾ ಸರಳ. ಗಸ್ತಿನವರು ಇಬ್ಬಿಬ್ಬರಾಗಿ ಬೆಟ್ಟದ ಏಣಿಗೆ ಹೋಗಿ, ಒಬ್ಬ ನೋಡುತ್ತಿರಲು ಇನ್ನೊಬ್ಬ ಇಳಿಜಾರಿನ ನೆತ್ತಿಯನ್ನು ಸ್ಕೀ ಮೇಲೆ ಅಡ್ಡಡ್ಡ ಕೊಯ್ದು ಹೋಗುವುದು. ಜಾರಬೇಕಾದ ಹಿಮ ಅವನ ಕಾಲ ಕೆಳಗೆ ಜಾರುತ್ತದೆ, ಅವನು ಆಚೆ ದಂಡೆ ಸೇರಿರುತ್ತಾನೆ. ಸೇರದಿದ್ದರೆ ನೋಡುತ್ತಿದ್ದವನು ಅಗೆಯಬೇಕು. ಎರಡನೆಯದು ಕೈಬಾಂಬು. ಇಂದಿಗೂ ಸ್ಕೀ ತಾಣಗಳಲ್ಲಿ ಬೆಳಗಿನ ಕೆಲಸ ಶುರುವಾಗುವುದು ಇದರಿಂದಲೇ. ಬೆನ್ನಚೀಲದಲ್ಲಿ ಕಿಲೋ ತೂಕದ ಆಸುಪಾಸಿನ ಸಿಡಿಮದ್ದಿನ ಉಂಡೆಗಳು. ಏಣಿನ ಮೇಲೆ ನಿಂತು ಬತ್ತಿ ಹೊತ್ತಿಸಿ, ಹೊತ್ತಿದ್ದು ಖಾತ್ರಿಯಾದ ಮೇಲೆ ಎಸೆದು, ಹಿಂದೆ ಸರಿದು ಕಿವಿ ಮುಚ್ಚಿ ಎಣಿಸುವುದು. ಬತ್ತಿ ಒಂದೂವರೆ ನಿಮಿಷ ಉರಿಯುವಷ್ಟು ಉದ್ದ. ಆ ಒಂದೂವರೆ ನಿಮಿಷದಲ್ಲಿ ಬೆಟ್ಟದ ಮೇಲೆ ಯಾರೂ ಮಾತಾಡುವುದಿಲ್ಲ.

ಆದರೆ ಕಾಲಿಡಲಾಗದ ಇಳಿಜಾರುಗಳಿಗೆ ಏನು ಮಾಡುವುದು? 1949ರಲ್ಲಿ ಆಟ್‌ವಾಟರ್ ಹಳೆಯದೊಂದು 75 ಮಿಲಿಮೀಟರಿನ ಫ್ರೆಂಚ್ ಫಿರಂಗಿ ತರಿಸಿ ಸೈನಿಕರಿಂದ ಬೆಟ್ಟಕ್ಕೆ ಗುಂಡು ಹೊಡೆಸಿದ. ಅಮೆರಿಕದ ಘಾಟಿಗಳಲ್ಲಿ ಫಿರಂಗಿ ಬೇರೂರಿದ್ದು ಹೀಗೆ. ವಾಷಿಂಗ್ಟನ್ ರಾಜ್ಯದ ರಸ್ತೆ ಇಲಾಖೆಯಂತೂ ಸೈನ್ಯದಿಂದ ಎಂ-60 ಟ್ಯಾಂಕುಗಳನ್ನೇ ಎರವಲು ಪಡೆದು ಸ್ಟೀವನ್ಸ್ ಪಾಸ್‌ನಲ್ಲಿ ನಿಲ್ಲಿಸಿಕೊಂಡಿತ್ತು. 1910ರ ಆ ವೆಲಿಂಗ್ಟನ್ ಇರುವುದು ಇದೇ ಸ್ಟೀವನ್ಸ್ ಪಾಸ್ ಬಳಿ. ಲೋಕೋಪಯೋಗಿ ಇಲಾಖೆಯ ಷೆಡ್ಡಿನಲ್ಲಿ ರೋಡ್‌ರೋಲರಿನ ಪಕ್ಕ ಟ್ಯಾಂಕು ನಿಂತಿರುವುದನ್ನು ಊಹಿಸಿಕೊಳ್ಳಿ.

ಆಟ್‌ವಾಟರ್ ಇನ್ನೊಂದು ಕೈಚಳಕಕ್ಕೂ ಕಾರಣನಾದ. ಬೇಸ್‌ಬಾಲ್ ಅಭ್ಯಾಸಕ್ಕೆ ಚೆಂಡೆಸೆಯುವ ಯಂತ್ರವೊಂದಿತ್ತು, ನಮ್ಮ ಕ್ರಿಕೆಟ್ ನೆಟ್ಸ್‌ನ ಬೌಲಿಂಗ್ ಮೆಷಿನ್ನಿನ ದಾಯಾದಿ. ಒತ್ತಿದ ಗಾಳಿಯಿಂದ ಎಸೆಯುವ ಆ ಯಂತ್ರವನ್ನು ಮಾರ್ಪಡಿಸಿ ಚೆಂಡಿನ ಬದಲು ಬಾಂಬು ತೂರುವಂತೆ ಮಾಡಿದರು. ಅವಲಾಂಚರ್ ಎಂಬ ಹೆಸರಿನ ಆ ಬಂದೂಕು ಸೈನ್ಯದ ಹಂಗಿಲ್ಲದೆ ಸ್ಕೀ ತಾಣಗಳಲ್ಲಿ ನೆಲೆಯೂರಿತು.

ತಲೆಬಾಗಿ ನಿಂತ ಕೊಳವೆ

ಗುಂಡು ಹೊಡೆಯುತ್ತ ಹೊಡೆಯುತ್ತ ಒಂದು ಸಂಗತಿ ಗೊತ್ತಾಯಿತು. ಹಿಮದೊಳಗೆ ಹುಗಿದು ಸಿಡಿಸಿದ ಬಾಂಬಿಗಿಂತ ಹಿಮದ ಮೇಲೆ ಒಂದೆರಡು ಮೀಟರು ಎತ್ತರದ ಗಾಳಿಯಲ್ಲಿ ಸಿಡಿದ ಬಾಂಬು ಹೆಚ್ಚು ಕೆಲಸ ಮಾಡುತ್ತದೆ. ಹಿಮದ ತುಂಬ ಗಾಳಿಯೇ ಇರುವುದರಿಂದ ಅದು ಹತ್ತಿಯ ದಿಂಬಿದ್ದಂತೆ, ಒಳಗಿನ ಸಿಡಿತವನ್ನು ನುಂಗಿಕೊಂಡು ಒಂದು ಗುಂಡಿ ಬಿಟ್ಟು ಸುಮ್ಮನಾಗುತ್ತದೆ. ಮೇಲೆ ಸಿಡಿದರೆ ಒತ್ತಡದ ಅಲೆ ಅಗಲಕ್ಕೆ ಹರಡಿ ಇಳಿಜಾರಿನ ದೊಡ್ಡ ಭಾಗವನ್ನು ಒಟ್ಟಿಗೆ ಒದೆಯುತ್ತದೆ. ಅಂದ ಮೇಲೆ ಬೇಕಾದದ್ದು ಲೋಹದ ಚೂರು ಹಾರಿಸುವ ಗುಂಡಲ್ಲ, ಬರಿ ಒಂದು ಗುದ್ದು.

ಆ ಗುದ್ದನ್ನು ಗ್ಯಾಸಿನಿಂದಲೇ ಕೊಟ್ಟರಾಗದೇ ಎಂಬ ಆಲೋಚನೆ 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಗಾಜೆಕ್ಸ್ ಎಂಬ ಸಾಧನವಾಯಿತು. ಬೆಟ್ಟದ ನೆತ್ತಿಯಲ್ಲಿ ಒಂದು ದಪ್ಪ ಉಕ್ಕಿನ ಕೊಳವೆ, ಬಾಯಿ ಕೆಳಮುಖ, ನಾಚಿ ತಲೆಬಾಗಿಸಿದಂತೆ. ಅಲ್ಲೇ ಮರೆಯಲ್ಲೊಂದು ಗೂಡು, ಅದರೊಳಗೆ ಪ್ರೋಪೇನ್ ಮತ್ತು ಆಮ್ಲಜನಕದ ದಾಸ್ತಾನು. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವ ಎರಡು ಅನಿಲಗಳಲ್ಲಿ ಪ್ರೋಪೇನ್ ಒಂದು. ಕೆಳಗಿನ ಕಚೇರಿಯಿಂದ ರೇಡಿಯೊ ಸಂಕೇತ ಹೋದರೆ ಎರಡೂ ಕೊಳವೆಯೊಳಗೆ ಅಳತೆ ಪ್ರಕಾರ ಬೆರೆಯುತ್ತವೆ, ಕಿಡಿ ಹಾರುತ್ತದೆ, ಬೆಂಕಿಯ ಗುದ್ದೊಂದು ಬಾಯಿಂದ ಹೊರಬಿದ್ದು ಹಿಮಕ್ಕೆ ಅಪ್ಪಳಿಸುತ್ತದೆ. ಸಿಡಿಮದ್ದು ಸಾಗಿಸುವ, ಕಾಪಿಡುವ ತಾಪತ್ರಯವಿಲ್ಲ. ಚಳಿಗಾಲಕ್ಕೆ ಮುಂಚೆ ದಾಸ್ತಾನು ತುಂಬಿಟ್ಟರೆ ಮೇಲಿಂದ ಮೇಲೆ ಸಿಡಿಸಬಹುದು.

ಸ್ವಿಟ್ಜರ್ಲೆಂಡಿನವರು ಬಳಸುವ ಇನ್ನೊಂದು ಬಗೆ ಗೋಪುರದ್ದು. ವಿಸ್ಸೆನ್ ಗೋಪುರ ಎಂದು ಅದಕ್ಕೆ ಹೆಸರು. ಇಳಿಜಾರಿನ ಮೇಲೆ ಮುಂದಕ್ಕೆ ವಾಲಿ ನಿಂತ ಕಂಬ, ತುದಿಯಲ್ಲೊಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಐದೈದು ಕಿಲೋದ ಹನ್ನೆರಡು ಸಿಡಿಮದ್ದಿನ ಉಂಡೆಗಳು. ಗುಂಡಿ ಒತ್ತಿದರೆ ಒಂದು ಉಂಡೆ ಹಗ್ಗಕ್ಕೆ ಜೋತು ಕೆಳಗಿಳಿದು ಹಿಮಕ್ಕೆ ತಾಗದೆ ಅಂತರದಲ್ಲೇ ಸಿಡಿಯುತ್ತದೆ. ಹನ್ನೆರಡೂ ಮುಗಿದರೆ ಹೆಲಿಕಾಪ್ಟರು ಬಂದು ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗಿ ತುಂಬಿ ತಂದಿಡುತ್ತದೆ. ಇವಲ್ಲದೆ ಹೆಲಿಕಾಪ್ಟರಿನ ಹೊಟ್ಟೆಗೆ ಗಂಟೆಯಂತೆ ತೂಗುಬಿಟ್ಟು ಜಲಜನಕ-ಆಮ್ಲಜನಕ ಸಿಡಿಸುವ ಡೈಸಿಬೆಲ್ ಇದೆ. ಬಾಂಬನ್ನು ತಂತಿದಾರಿಯಲ್ಲಿ ಇಳಿಜಾರಿನ ಮೇಲೆ ಸಾಗಿಸುವ ಏರ್ಪಾಟೂ ಫ್ರಾನ್ಸಿನಲ್ಲಿದೆ.

ಹೆಲಿಕಾಪ್ಟರು ಇರುವಾಗ ಕಂಬ ಯಾಕೆ ಎಂದರೆ 1999ರ ಫೆಬ್ರುವರಿಯನ್ನು ನೆನೆಯಬೇಕು. ಆಲ್ಪ್ಸ್‌ನಲ್ಲಿ ವಾರಗಟ್ಟಲೆ ಬಿರುಗಾಳಿ, ಹಿಮ. ಫ್ರಾನ್ಸಿನ ಮೊಂಟ್ರೋಕ್‌ನಲ್ಲಿ 12 ಜನ, ಸ್ವಿಟ್ಜರ್ಲೆಂಡಿನ ಎವೊಲೆನ್‌ನಲ್ಲಿ 12 ಜನ ಸತ್ತರು. ಫೆಬ್ರುವರಿ 23ರಂದು ಆಸ್ಟ್ರಿಯಾದ ಗಾಲ್ಟ್ಯೂರ್ ಹಳ್ಳಿಯ ನಡುವಿಗೇ ಹಿಮ ನುಗ್ಗಿ 31 ಜನ, ಮರುದಿನ ಪಕ್ಕದ ವಾಲ್ಜೂರ್‌ನಲ್ಲಿ 7 ಜನ. ಗಾಲ್ಟ್ಯೂರ್‌ನಲ್ಲಿ ಹಿಮ ಮುಟ್ಟಿದ ಮನೆಗಳಲ್ಲಿ ಸುರಕ್ಷಿತ ಎಂದು ನಕ್ಷೆಯಲ್ಲಿ ಗುರುತಿಸಿದ್ದ ಜಾಗದವೂ ಇದ್ದವು. ಹಿಮ ಅತಿ ಬೇಗ ಕೂಡಿಕೊಳ್ಳುವುದು ಬಿರುಗಾಳಿಯಲ್ಲಿ, ಹೆಲಿಕಾಪ್ಟರು ಹಾರಲಾಗದ್ದೂ ಬಿರುಗಾಳಿಯಲ್ಲೇ. ಗಾಳಿ ನಿಂತು ಹಾರುವ ಹೊತ್ತಿಗೆ ಬೆಟ್ಟದ ಮೇಲೆ ಕೂತದ್ದು ಎಷ್ಟಿರುತ್ತದೆಂದರೆ ಊರಿನ ಮೇಲೆ ಅದನ್ನು ಬೀಳಿಸಲು ಯಾರಿಗೂ ಧೈರ್ಯ ಬಾರದು. ಹಿಮವನ್ನು ಬೀಳಿಸುವುದಾದರೆ ಆಗಾಗ, ಸಣ್ಣದಿದ್ದಾಗ, ಬಿರುಗಾಳಿಯ ನಡುವೆಯೇ ಬೀಳಿಸಬೇಕು. ಸಾಲ ಬೆಳೆದು ಗುಡ್ಡವಾಗುವ ಮೊದಲು ಕಂತು ಕಟ್ಟಿದಂತೆ. ಮಂಜಿನಲ್ಲೂ ನಡುರಾತ್ರಿಯಲ್ಲೂ ಕೆಲಸ ಮಾಡುವ ಕಂಬ, ಕೊಳವೆಗಳು ಬೇಕಾಗುವುದು ಅದಕ್ಕೆ. ಕಾಣದ ಕತ್ತಲಲ್ಲಿ ಹಿಮ ನಿಜಕ್ಕೂ ಬಿತ್ತೋ ಇಲ್ಲವೋ ಹೇಳಲು ಈಗ ರೇಡಾರುಗಳಿವೆ, ನಮ್ಮ ಕಿವಿಗೆ ನಿಲುಕದ ತಗ್ಗು ಸ್ಥಾಯಿಯ ಸದ್ದು ಹಿಡಿಯುವ ಉಪಕರಣಗಳೂ ಇವೆ.

ಹಾಗೆಂದು ಎಲ್ಲ ಬೆಟ್ಟಕ್ಕೂ ಸಿಡಿಮದ್ದೇ ಮದ್ದಲ್ಲ. ಊರಿನ ನೆತ್ತಿಯ ಮೇಲಿರುವ ಇಳಿಜಾರಿನಲ್ಲಿ ಹಿಮ ಕದಲದಂತೆ ಹಿಡಿಯುವುದೇ ವಾಸಿ. ಸ್ವಿಟ್ಜರ್ಲೆಂಡಿನ ಆಂಡರ್ಮಾಟ್ ಜನ 1397ರಲ್ಲೇ ಊರ ಮೇಲಿನ ಕಾಡಿನ ಒಂದು ಮರವನ್ನೂ ಯಾರೂ ಕಡಿಯಕೂಡದು ಎಂದು ಬರೆದು ಮುದ್ರೆ ಒತ್ತಿದ್ದರು. ಕೊಡಗಿನ ದೇವರಕಾಡಿನಂತೆಯೇ, ಕಾಯುವವನು ಮಾತ್ರ ಇಲ್ಲಿ ಹಿಮದ ಭಯ. ಆ ದೇಶದಲ್ಲಿ 98 ಜನರನ್ನು ಬಲಿ ಪಡೆದ 1951ರ ಚಳಿಗಾಲದ ನಂತರ ಅಲ್ಲಿ ಬೆಟ್ಟಗಳ ನೆತ್ತಿಗೆ ನೂರಾರು ಕಿಲೋಮೀಟರು ಉಕ್ಕಿನ ಬೇಲಿ ಬಂತು.

ಗುಂಡಿಗಿಂತ ಗೇಟು ದೊಡ್ಡದು

ಸಿಡಿತದ ಸದ್ದು ಕಿವಿ ತುಂಬುವುದರಿಂದ ಈ ಕಸುಬಿನ ಅರ್ಧ ಭಾಗ ನಮಗೆ ಕಾಣದೆ ಹೋಗುತ್ತದೆ. ಮುಹೂರ್ತ ಇಟ್ಟರೆ ಸಾಲದು, ಆ ಹೊತ್ತಿಗೆ ಕೆಳಗೆ ಒಂದು ನರಪಿಳ್ಳೆಯೂ ಇರಬಾರದು.

ಆಲ್ಟಾದಲ್ಲಿ ಇದಕ್ಕೊಂದು ಕಟ್ಟಳೆಯಿದೆ. ಹೆಸರು ಇಂಟರ್‌ಲಾಡ್ಜ್. ಹಿಮ ಬೀಳಿಸುವ ಕೆಲಸ ಶುರುವಾದರೆ ಊರಲ್ಲಿರುವ ಪ್ರತಿಯೊಬ್ಬರೂ ಕಟ್ಟಡದ ಒಳಗೇ ಇರಬೇಕು. ಕಾರಿನಿಂದ ಚೀಲ ತರುತ್ತೇನೆ, ಜಗುಲಿಯಲ್ಲಿ ಸಿಗರೇಟು ಸೇದುತ್ತೇನೆ ಎಂದರೂ ನಡೆಯದು. ಹೊರಗೆ ಕಾಲಿಟ್ಟರೆ ಶಿಕ್ಷೆ. ಕೊರೊನಾ ಲಾಕ್‌ಡೌನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ. 2021ರ ಫೆಬ್ರುವರಿಯಲ್ಲಿ ಈ ಗೃಹಬಂಧನ ಸುಮಾರು 60 ಗಂಟೆ ನಡೆಯಿತು. ಲಕ್ಷಗಟ್ಟಲೆ ಖರ್ಚು ಮಾಡಿ ಸ್ಕೀ ಆಡಲು ಬಂದವರು ಎರಡೂವರೆ ದಿನ ಕಿಟಕಿಯಲ್ಲಿ ಹಿಮ ನೋಡುತ್ತ ಕೂತರು. 2022-23ರ ಋತುವಿನಲ್ಲಿ ಅದೇ ಆಲ್ಟಾಕ್ಕೆ 903 ಇಂಚು, ಅಂದರೆ ಸುಮಾರು 23 ಮೀಟರು ಹಿಮ ಬಿತ್ತು. ಆರೇಳು ಅಂತಸ್ತಿನ ಎತ್ತರ.

ಎಷ್ಟು ಎಚ್ಚರ ವಹಿಸಿದರೂ ಎಡವಟ್ಟು ತಪ್ಪಿಲ್ಲ. 2005ರ ಮಾರ್ಚಿನಲ್ಲಿ ಯೂಟಾದಲ್ಲಿ ಹಿಮಕ್ಕೆಂದು ಹಾರಿಸಿದ ಶೆಲ್ಲೊಂದು ಬೆಟ್ಟವನ್ನೇ ದಾಟಿ ಆಚೆಯ ಪ್ಲೆಸೆಂಟ್ ಗ್ರೋವ್ ಊರಿನ ಮನೆಯೊಂದರ ಹಿತ್ತಲಿಗೆ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಸಿಡಿಯದೆ ಹಿಮದಲ್ಲಿ ಹುದುಗಿದ ಗುಂಡುಗಳು ಬೇಸಿಗೆಯಲ್ಲಿ ಚಾರಣಿಗರ ಕಾಲಿಗೆ ಸಿಗುವ ಭಯ ಬೇರೆ. ಸೈನ್ಯದ ಹಳೆಯ ಫಿರಂಗಿ, ಹಳೆಯ ಮದ್ದು ಎಷ್ಟು ದಿನ ಸಿಕ್ಕೀತು ಎಂಬ ಪ್ರಶ್ನೆಯೂ ಇದೆ. ಹೀಗಾಗಿ ಹಲವೆಡೆ ಫಿರಂಗಿ ಹಿಂದೆ ಸರಿದು ಕೊಳವೆ, ಗೋಪುರಗಳು ಮುಂದೆ ಬರುತ್ತಿವೆ. ಡ್ರೋನಿನಿಂದ ಬಾಂಬು ಹಾಕುವ ಪ್ರಯೋಗಗಳೂ ನಡೆದಿವೆ.

ಇದಕ್ಕಿಂತ ಕಹಿಯಾದ ಪಾಠ ಕ್ಯಾಲಿಫೋರ್ನಿಯಾದ ಆಲ್ಪೈನ್ ಮೆಡೋಸ್ ಎಂಬ ಸ್ಕೀ ತಾಣದ್ದು. ಹಿಮ ಬೀಳಿಸುವುದರಲ್ಲಿ ಪಳಗಿದ ಗಸ್ತುಪಡೆ ಅಲ್ಲಿತ್ತು. 1982ರ ಮಾರ್ಚ್ 31ರಂದು ದಿನಗಳಿಂದ ಸುರಿಯುತ್ತಿದ್ದ ಹಿಮದಿಂದಾಗಿ ತಾಣವನ್ನೇ ಮುಚ್ಚಿದ್ದರು. ಆದರೂ ಹಿಮ ಯಾರೂ ಎಣಿಸದಷ್ಟು ದೊಡ್ಡದಾಗಿ ಬಂದು ಕೆಳಗಿನ ಕಟ್ಟಡ, ವಾಹನ ನಿಲುಗಡೆಯ ಜಾಗವನ್ನು ಬಡಿಯಿತು. ಏಳು ಜನ ಸತ್ತರು. ಅಲ್ಲೇ ಕೆಲಸಕ್ಕಿದ್ದ ಯುವತಿಯೊಬ್ಬಳು ಕುಸಿದ ಕಟ್ಟಡದ ಸಂದಿನಲ್ಲಿ ಸಿಕ್ಕಿಕೊಂಡು ಐದು ದಿನದ ನಂತರ ಜೀವಂತವಾಗಿ ಹೊರಬಂದಳು. ಬೆಟ್ಟ ಮನುಷ್ಯ ಹಾಕಿದ ಗಡಿಯನ್ನು ಓದಿಕೊಂಡು ಬರುವುದಿಲ್ಲ.

ಬೆಟದೂರಿನ ಹನುಮಂತಪ್ಪ

ಹಿಮದಡಿ ದಿನಗಟ್ಟಲೆ ಉಳಿದವರ ಮಾತು ಬಂದರೆ ಕನ್ನಡಿಗರಿಗೆ ಒಂದೇ ಹೆಸರು ನೆನಪಾಗುತ್ತದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಮಂಜುಗಡ್ಡೆಯ ಗೋಡೆಯೊಂದು ಕಳಚಿ ಬಿತ್ತು. ಒಳಗಿದ್ದವರು ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು. ಅವರಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇದ್ದರು. ಇಪ್ಪತ್ತೈದು ಅಡಿಗೂ ಆಳದಿಂದ ಆರು ದಿನದ ಮೇಲೆ ಹನುಮಂತಪ್ಪ ಉಸಿರಾಡುತ್ತಲೇ ಹೊರಬಂದಾಗ ಇಡೀ ನಾಡು ಕೈಮುಗಿದು ಕಾದಿತ್ತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಗುಂಡು ಹೊಡೆದು ಮೊದಲೇ ಬೀಳಿಸಿದ್ದರೆ ಉಳಿಯುತ್ತಿದ್ದರೇ ಎಂದು ಕೇಳುವುದು ಸುಲಭ. ಆದರೆ ಅಲ್ಲಿ ಬಿದ್ದದ್ದು ಹೊಸ ಹಿಮದ ಚಪ್ಪಡಿಯಲ್ಲ, ನೀರ್ಗಲ್ಲಿನ ಗೋಡೆ. ಅದಕ್ಕೆ ಈ ವಿದ್ಯೆ ನಾಟುವುದಿಲ್ಲ. ಇನ್ನು ಹಿಮಾಲಯದ ಲೆಕ್ಕವೇ ಬೇರೆ. ಹಿಮ ಹೊರಡುವ ನೆತ್ತಿಗಳು ಐದಾರು ಸಾವಿರ ಮೀಟರು ಎತ್ತರದಲ್ಲಿವೆ. ತೆಳುಗಾಳಿಯಲ್ಲಿ ಹೆಲಿಕಾಪ್ಟರಿಗೆ ಹೊರುವ ಶಕ್ತಿ ಕಡಿಮೆ, ಗ್ಯಾಸು ತುಂಬುವುದು, ಪೆಟ್ಟಿಗೆ ಬದಲಿಸುವುದು ಆಲ್ಪ್ಸ್‌ನಷ್ಟು ಸಲೀಸಲ್ಲ. ಗುಲ್ಮಾರ್ಗದ ಸ್ಕೀ ಇಳಿಜಾರುಗಳಲ್ಲಿ ಗಸ್ತಿನವರು ಸಿಡಿಮದ್ದು ಬಳಸುವುದುಂಟು. ಉಳಿದಂತೆ ನಮ್ಮ ಒತ್ತು ಮುನ್ಸೂಚನೆ ಮತ್ತು ತಡೆಕಟ್ಟುಗಳ ಮೇಲೆ. 1969ರಲ್ಲಿ ಮನಾಲಿಯಲ್ಲಿ ಶುರುವಾದ ಹಿಮ ಅಧ್ಯಯನ ಸಂಸ್ಥೆ ಈಗ ಡಿಆರ್‌ಡಿಒದ ಚಂಡೀಗಢದ ಪ್ರಯೋಗಾಲಯದಲ್ಲಿ ಸೇರಿದೆ. ಅದು ಸೈನ್ಯದ ಜೊತೆಗೂಡಿ 2022ರಲ್ಲಿ ಉತ್ತರ ಸಿಕ್ಕಿಂನಲ್ಲಿ ಹಿಮಕುಸಿತ ಕಾಯುವ ರೇಡಾರನ್ನೂ ನಿಲ್ಲಿಸಿತು.

ಮುನ್ಸೂಚನೆ ಬಂದ ಮೇಲೆ ಏನು? 2025ರ ಫೆಬ್ರುವರಿ 28ರ ಬೆಳಗ್ಗೆ ಉತ್ತರಾಖಂಡದ ಬದರಿನಾಥದಾಚೆಯ ಮಾಣಾ ಬಳಿ ಗಡಿ ರಸ್ತೆ ಕೆಲಸದ 54 ಕಾರ್ಮಿಕರ ಶಿಬಿರದ ಮೇಲೆ ಹಿಮ ಬಿತ್ತು. 46 ಜನರನ್ನು ಉಳಿಸಿದರು, ಎಂಟು ಜನ ಹೋದರು. ಹಲವರನ್ನು ಕಾಪಾಡಿದ್ದು ಅವರು ಮಲಗಿದ್ದ ಉಕ್ಕಿನ ಕಂಟೇನರುಗಳು. ಆ ಜಿಲ್ಲೆಗೆ ಹಿಮಕುಸಿತದ ಎಚ್ಚರಿಕೆ ಹಿಂದಿನ ಸಂಜೆಯೇ ಹೊರಟಿತ್ತು. ಎಚ್ಚರಿಕೆಗೂ ಜನ ಎದ್ದು ಬೇರೆಡೆ ಹೋಗುವುದಕ್ಕೂ ನಡುವೆ ಇರುವ ಕಂದರ ಯಾವ ಬಾಂಬಿನಿಂದಲೂ ಮುಚ್ಚುವುದಿಲ್ಲ. ಆಲ್ಟಾದ ಹೋಟೆಲಿನಲ್ಲಿ ಅತಿಥಿಯನ್ನು ಒಳಗೆ ಕೂರಿಸುವ ಕಟ್ಟಳೆಯೂ, ರೋಜರ್ಸ್ ಪಾಸ್‌ನಲ್ಲಿ ಲಾರಿ ತಡೆಯುವ ಗೇಟೂ ನೋಡಲು ಮಾಮೂಲಿ ಸಂಗತಿಗಳು. ಫಿರಂಗಿಯನ್ನು ದುಡ್ಡು ಕೊಟ್ಟು ತರಬಹುದು. ಗೇಟು ಹಾಕಿದಾಗ ನಿಲ್ಲುವ, ನಿಂತವರಿಗೆ ಕೂಲಿ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆಯನ್ನು ಮಾತ್ರ ಕಟ್ಟಿಕೊಳ್ಳಲೇಬೇಕು.

ಮತ್ತೆ ರೋಜರ್ಸ್ ಪಾಸ್‌ಗೆ ಬರೋಣ. ಮೊರೆತ ಅಡಗಿದೆ. ರಸ್ತೆಯ ಮೇಲೆ ಹಿಮದ ದಿಬ್ಬ, ಮುರಿದ ಮರದ ತುಂಡುಗಳು. ಹಿಮ ತಳ್ಳುವ ಯಂತ್ರದ ಚಾಲಕ ಇಂಜಿನ್ನು ಚಾಲೂ ಇಟ್ಟು ಗೇಟಿನ ಈಚೆಯೇ ನಿಂತಿದ್ದಾನೆ. 1910ರಲ್ಲಾಗಿದ್ದರೆ ಈ ಹೊತ್ತಿಗೆ ಕೂಲಿಗಳು ಸಲಿಕೆ ಹಿಡಿದು ದಿಬ್ಬದೊಳಗೆ ಇಳಿದಿರುತ್ತಿದ್ದರು. ಈಗ ಅವಸರವಿಲ್ಲ. ಸೈನಿಕರು ಫಿರಂಗಿಯ ಮೂತಿಯನ್ನು ನಿಧಾನವಾಗಿ ತಿರುಗಿಸುತ್ತಿದ್ದಾರೆ, ಎದುರು ಪಕ್ಕದ ಬೆಟ್ಟದ ಕಡೆಗೆ.